ಕೈಬಿಟ್ಟ ಹೆಸರು

ಕೋಗಿಲು, ಬೆಂಗಳೂರು
6 ಜನವರಿ 2025

ನಾಗಲಿಂಗಪ್ಪನವರಿಗೆ,
ಗಂಗರತ್ನಮ್ಮನ ನಮಸ್ಕಾರಗಳು.

ನೀವು ನಿವೃತ್ತರಾಗಿ ಇಳಕಲ್ಲಿಗೆ ಹೋಗಿ ಎರಡು ತಿಂಗಳಾಯಿತು. ಮಗಳು ಕೀರ್ತಿಯ ಮನೆಯಲ್ಲಿ ಹೊಂದಿಕೊಂಡಿದ್ದೀರಿ ಎಂದುಕೊಂಡಿದ್ದೇನೆ. ಕಿವಿ ಕೇಳದವರಿಗೆ ಫೋನು ಮಾಡಿ ಪ್ರಯೋಜನವಿಲ್ಲ, ಅದಕ್ಕೇ ಈ ಪತ್ರ. ಫೋನಾಗಿದ್ದರೆ ಕೂಗಾಡುತ್ತಿದ್ದೆ. ಕಾಗದದಲ್ಲಿ ಕೂಗಾಡುವುದು ಹೇಗೆಂದು ತಿಳಿಯದು, ಪ್ರಯತ್ನಿಸುತ್ತೇನೆ.

ಮೊನ್ನೆ ತಿಂಗಳ ಮೊದಲ ಶನಿವಾರ. ಹನ್ನೊಂದು ವರ್ಷದಿಂದ ಹೋಗುವ ಹಾಗೆ ನಮ್ಮ ಪ್ರೊಬೇಷನ್ ಸಲಹಾ ಸಮಿತಿಯ ಸಭೆಗೆ ಹೋದೆ. ನಿಮ್ಮ ಜಾಗಕ್ಕೆ ಬಂದಿರುವ ಅಧಿಕಾರಿ ವಿಜಯಕುಮಾರ ನನ್ನ ಮುಖ ನೋಡಿ, "ಮೇಡಂ, ನಿಮಗೆ ಲೆಟರ್ ಬರಲಿಲ್ವಾ? ಕಮಿಟಿ ಚೇಂಜ್ ಆಗಿದೆ" ಅಂದರು. ಹೊಸ ಪಟ್ಟಿ ತೋರಿಸಿದರು. ಐವರಲ್ಲಿ ಮೂವರು ಹಳಬರೇ. ಕೈಬಿಟ್ಟಿರುವುದು ನನ್ನನ್ನು ಮತ್ತು ಗ್ಯಾರೇಜಿನ ಮನ್ಸೂರ್ ಅವರನ್ನು. ಹೊಸಬರಲ್ಲಿ ಒಬ್ಬ ಅಶ್ವತ್ಥ್. ಹೌದು, ಬಿಲ್ಡರ್ ಅಶ್ವತ್ಥ್. ನಮ್ಮ ಶಾಲೆಯಲ್ಲಿ ನಾನೇ ಖೋ ಖೋ ಕಲಿಸಿದ ಹುಡುಗ. ಎದ್ದು ನಿಂತು, "ಬನ್ನಿ ಮೇಡಂ, ಕಾಫಿ ಕುಡ್ಕೊಂಡು ಹೋಗಿ" ಎಂದ. ನನ್ನ ಸಭೆಯಲ್ಲಿ ನಾನು ಕಾಫಿ ಕುಡಿದು ಹೋಗಬೇಕಾದ ಅತಿಥಿ.

ನನ್ನ ಹೆಸರು ಹೋದದ್ದು ಒಂದು ಮಾತು. ಆದರೆ ಪಿಳ್ಳಣ್ಣನ ಗತಿ ಏನು? ನಿಮಗೆ ಗೊತ್ತಿರುವುದನ್ನೇ ಸಿಟ್ಟಿನಲ್ಲಿ ಮತ್ತೆ ಬರೆಯುತ್ತಿದ್ದೇನೆ. ಪಿಳ್ಳಣ್ಣ ಹಾರೆ ಹಿಡಿದು ಒಡೆದದ್ದು ಯಾರ ಗೋಡೆ? ಇದೇ ಅಶ್ವತ್ಥನದು. ಆ ಗೋಡೆ ನಿಂತಿದ್ದು ಎಲ್ಲಿ? ನಮ್ಮೂರಿನವರು ಸ್ಮಶಾನಕ್ಕೆ ಹೋಗುವ ದಾರಿಗೆ ಅಡ್ಡ. ಹೆಂಡತಿ ಪಟಾಲಮ್ಮನ ಸಮಾಧಿಗೆ ದಾರಿ ಇಲ್ಲವಾಯಿತೆಂದು ಆ ಮನುಷ್ಯ ಗೋಡೆ ಒಡೆದ. ಮೊದಲ ಅಪರಾಧವೆಂದು ಕೋರ್ಟು ಜೈಲಿಗೆ ಕಳಿಸದೆ ಎರಡು ವರ್ಷದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಗೋಡೆಯ ನೂರು ಮೀಟರ್ ಒಳಗೆ ಕಾಲಿಡಬಾರದು ಎಂಬ ಷರತ್ತು ಹಾಕಿತು. ಮೂರು ತಿಂಗಳಿಗೊಮ್ಮೆ ಅವನ ನಡತೆಯ ಬಗ್ಗೆ ಅಭಿಪ್ರಾಯ ಕೊಡುವುದು ನಮ್ಮ ಸಮಿತಿ. ಈಗ ಆ ಅಭಿಪ್ರಾಯ ಬರೆಯುವವನು ಗೋಡೆಯ ಯಜಮಾನ.

ಇದನ್ನು ಮಾಡಿದವರು ಯಾರು ಸರ್? ಆ ವಿಜಯಕುಮಾರನೇ ಇರಬೇಕು. ಬಂದ ಎರಡೇ ತಿಂಗಳಲ್ಲಿ ಬಿಲ್ಡರನ ಜೇಬಿಗೆ ಬಿದ್ದಿದ್ದಾನೆ. ನಿಮಗೆ ಕಡತಗಳ ದಾರಿ ಗೊತ್ತು. ಎಲ್ಲಿ ಹಿಡಿದು ಕೇಳಬೇಕು ಹೇಳಿ.

ಇಂತಿ,
ಗಂಗರತ್ನಮ್ಮ


ಇಳಕಲ್
14 ಜನವರಿ 2025

ಗಂಗರತ್ನಮ್ಮ ಟೀಚರಿಗೆ ನಮಸ್ಕಾರಗಳು.

ಪತ್ರ ತಲುಪಿತು. ಸಂಕ್ರಾಂತಿಯ ದಿನ ಕೂತು ಉತ್ತರ ಬರೆಯುತ್ತಿದ್ದೇನೆ. ಕೀರ್ತಿ ಕಾಲೇಜಿಗೆ ರಜೆ ಇರುವುದರಿಂದ ಮನೆಯಲ್ಲಿದ್ದಾಳೆ, ನಿಮಗೆ ನಮಸ್ಕಾರ ತಿಳಿಸಲು ಹೇಳಿದ್ದಾಳೆ. ಕಿವಿ ಮೊದಲಿಗಿಂತ ಇನ್ನೂ ಮಂದವಾಗಿದೆ. ಯಂತ್ರ ಹಾಕಿಕೊಂಡರೆ ಎಲ್ಲರ ಮಾತೂ ಒಟ್ಟಿಗೆ ಗುಂಯ್ ಅನ್ನುತ್ತದೆ.

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಸಮಿತಿಗಳ ಪುನರ್‌ರಚನೆ ಆಗಾಗ ಆಗುವಂಥದ್ದೇ. ಕಡತ ಹಲವರ ಕೈ ದಾಟಿ ಹೋಗುತ್ತದೆ, ಇಂಥವರೇ ಮಾಡಿದರು ಎಂದು ಬೆರಳು ತೋರಿಸುವುದು ಕಷ್ಟ. ವಿಜಯಕುಮಾರ ಹೊಸಬ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅಶ್ವತ್ಥ್ ಕೂಡ ಕೆಟ್ಟವನಲ್ಲ. ನಮ್ಮ ಕಚೇರಿಗೆ ಬಂದವರಲ್ಲಿ ಏಳು ಜನಕ್ಕೆ ಕೆಲಸ ಕೊಟ್ಟಿದ್ದಾನೆ, ನಿಮಗೆ ಮರೆತಿರಬಹುದು.

ಹನ್ನೊಂದು ವರ್ಷ ದುಡಿದಿದ್ದೀರಿ. ಮಂಡಿನೋವು ಬೇರೆ. ಆ ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು ಎಂದುಕೊಳ್ಳಿ. ಪಿಳ್ಳಣ್ಣನ ಅವಧಿ ಆಗಸ್ಟಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ತಾಳ್ಮೆಯಿಂದಿರಲು ಅವನಿಗೆ ಹೇಳಿ.

ಇಂತಿ,
ನಾಗಲಿಂಗಪ್ಪ


ಕೋಗಿಲು
6 ಫೆಬ್ರವರಿ 2025

ನಾಗಲಿಂಗಪ್ಪನವರಿಗೆ ನಮಸ್ಕಾರ.

ನನ್ನ ಮಂಡಿಯ ವಿಚಾರ ಬಿಡಿ. ಅದು ಚೆನ್ನಾಗಿದೆ. ತಾಳ್ಮೆಯ ಮಾತೂ ಬಿಡಿ, ಅದಕ್ಕೆ ಕಾಲ ಮೀರಿತು.

ಶನಿವಾರದ ಸಭೆಯಲ್ಲಿ ಹೊಸ ಸಮಿತಿ ಪಿಳ್ಳಣ್ಣ ಷರತ್ತು ಮುರಿದಿದ್ದಾನೆಂದು ಬರೆದಿದೆ. ಡಿಸೆಂಬರ್ ಹನ್ನೊಂದರಂದು ಅವನು ಗೋಡೆಯ ಹತ್ತಿರ ಬಂದಿದ್ದನಂತೆ. ಅಶ್ವತ್ಥ್ ತನ್ನ ಸೈಟಿನ ಕ್ಯಾಮೆರಾದಿಂದ ತೆಗೆಸಿದ ಒಂದು ಫೋಟೊವನ್ನು ತಾನೇ ಸಭೆಗೆ ತಂದು, ತಾನೇ ಮೇಜಿನ ಮೇಲಿಟ್ಟು, ತಾನೇ ಸಹಿ ಹಾಕಿದ್ದಾನೆ. ದೂರು ಕೊಟ್ಟವನೂ ಅವನೇ, ಸಾಕ್ಷಿಯೂ ಅವನೇ, ತೀರ್ಪು ಹೇಳುವವನೂ ಅವನೇ. ವರದಿ ಕೋರ್ಟಿಗೆ ಹೋಯಿತು. ಮಾರ್ಚ್ 20ಕ್ಕೆ ವಿಚಾರಣೆ. ಮುಚ್ಚಳಿಕೆ ರದ್ದಾದರೆ ಪಿಳ್ಳಣ್ಣ ಜೈಲಿಗೆ. ನೀವೇ ಹುಡುಕಿಕೊಟ್ಟ ಜಕ್ಕೂರಿನ ನರ್ಸರಿ ಕೆಲಸವೂ ಹೋಗುತ್ತದೆ. ಅರವತ್ತೊಂದು ವಯಸ್ಸಿನವನಿಗೆ ಇನ್ನೊಮ್ಮೆ ಯಾರು ಕೆಲಸ ಕೊಡುತ್ತಾರೆ?

ಸಹಕಾರನಗರದಲ್ಲಿರುವ ಅಶ್ವತ್ಥನ ಆಫೀಸಿಗೇ ಹೋದೆ. ಎಳನೀರು ತರಿಸಿದ. ನಾನು ಮುಟ್ಟಲಿಲ್ಲ.

"ನಿನ್ನದೇ ಕೇಸಿಗೆ ನೀನೇ ಕೂತು ಬರೀತೀಯಲ್ಲಪ್ಪ, ಸರೀನಾ ಇದು?" ಎಂದೆ.

"ನನ್ನ ಕೇಸ್ ಎಲ್ಲಿ ಮೇಡಂ? ಕಂಪ್ಲೇಂಟ್ ಕೊಟ್ಟಿರೋದು ನಮ್ಮ ಸೂಪರ್‌ವೈಸರ್. ಪೇಪರಲ್ಲಿ ನನ್ನ ಹೆಸರೇ ಇಲ್ಲ."

"ಕಮಿಟಿಗೆ ಯಾಕೆ ಸೇರ್ಕೊಂಡೆ?"

"ನಾನೇನ್ ಅರ್ಜಿ ಹಾಕಿದ್ನಾ? ಕರೆದ್ರು, ಹೋದೆ. ನನ್ ಮೇಲೆ ಯಾಕ್ ಕೋಪ ಮಾಡ್ಕೊತೀರಾ. ಕರೆದೋರನ್ನ ಕೇಳಿ."

ಕೇಳಿಯೇ ತೀರುತ್ತೇನೆ. ಅಲ್ಲಿಂದ ನೇರ ಹೋಗಿ ಸಮಿತಿ ಬದಲಾವಣೆಯ ಇಡೀ ಕಡತದ ಪ್ರತಿ ಬೇಕೆಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಬಂದಿದ್ದೇನೆ. ವಿಜಯಕುಮಾರ ಅರ್ಜಿ ತೆಗೆದುಕೊಂಡು ಏನೋ ಹೇಳಲು ಹೋಗಿ ಸುಮ್ಮನಾದರು. ಹೆದರಿದ್ದಾರೆ.

ಆ ಫೋಟೊ ಮಸುಕು. ಬಿಳಿ ಪಂಚೆಯ ಯಾರೋ ಒಬ್ಬ. ಅದು ಪಿಳ್ಳಣ್ಣನೇ ಎನ್ನಲು ಏನಿದೆ? ಅವನು ಆ ದಿನ ಅಲ್ಲಿಗೆ ಹೋಗಿರಲಿಲ್ಲ. ನೀವು ಅಧಿಕಾರಿಯಾಗಿದ್ದಾಗ ಅವನ ನಡತೆ ಹೇಗಿತ್ತೆಂದು ಒಂದು ಪತ್ರ ಬರೆದುಕೊಡಿ. ವಕೀಲರು ಕೇಳಿದ್ದಾರೆ.

ಗಂಗರತ್ನಮ್ಮ


ಇಳಕಲ್
12 ಫೆಬ್ರವರಿ 2025

ಟೀಚರಿಗೆ ನಮಸ್ಕಾರಗಳು.

ಪಿಳ್ಳಣ್ಣನ ನಡತೆಯ ಬಗ್ಗೆ ಎರಡು ಪುಟ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಒಂದು ದಿನವೂ ತಪ್ಪಿಸದೆ ಬಂದು ಸಹಿ ಹಾಕಿದ್ದನ್ನೂ, ನರ್ಸರಿಯ ಯಜಮಾನರು ಅವನನ್ನು ಹೊಗಳಿದ್ದನ್ನೂ ಬರೆದಿದ್ದೇನೆ.

ಡಿಸೆಂಬರ್ ಹನ್ನೊಂದರ ಬಗ್ಗೆ ಬರೆದಿಲ್ಲ. ಆಗ ನಾನು ಅಲ್ಲಿರಲಿಲ್ಲ. ಒಂದು ಮಾತು ಕೇಳಲೇ? ಪಟಾಲಮ್ಮನ ವರ್ಷದ ಎಡೆ ಬರುವುದು ಆ ದಿನಗಳಲ್ಲೇ. ಹೋದ ಸಲ ಪಿಳ್ಳಣ್ಣ ನನ್ನ ಬಳಿ ಬಂದು ಅಪ್ಪಣೆ ಕೇಳಿದ್ದ. ಕೊಡಲು ನನಗೆ ಅಧಿಕಾರವಿಲ್ಲ ಎಂದಿದ್ದೆ. ಅವನು ಕಚೇರಿಯ ಗೋಡೆಗೆ ಒರಗಿ ಅತ್ತದ್ದು ನೆನಪಿದೆ. ಈ ಸಲ ನಿಜವಾಗಿ ಹೋಗಿರಲಿಲ್ಲವೇ? ಕೋರ್ಟಿನಲ್ಲಿ ಹೋಗಿಲ್ಲ ಎಂದು ಹೇಳಿ, ಆಮೇಲೆ ಹೋದದ್ದು ಸಾಬೀತಾದರೆ ಅವನನ್ನು ಉಳಿಸಲು ಯಾರಿಂದಲೂ ಆಗದು.

ಇನ್ನೊಂದು ವಿನಂತಿ. ಮಾಹಿತಿ ಹಕ್ಕಿನ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಿ. ಅದರಿಂದ ಪಿಳ್ಳಣ್ಣನಿಗೆ ಉಪಯೋಗವಿಲ್ಲ. ಹಳೆಯ ಕಾಗದ ಕೆದಕಿದರೆ ಎಲ್ಲರ ಮನಸ್ಸೂ ಕೆಡುತ್ತದೆ.

ನಾಗಲಿಂಗಪ್ಪ


ಕೋಗಿಲು
18 ಫೆಬ್ರವರಿ 2025

ನಾಗಲಿಂಗಪ್ಪನವರಿಗೆ,

ನಿಮ್ಮ ಪತ್ರ ವಕೀಲರಿಗೆ ಕೊಟ್ಟೆ. ಉಪಕಾರವಾಯಿತು.

ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಪಿಂಚಣಿಗೆ ತೊಂದರೆಯಾದೀತೆಂದು ನಿಮಗೆ ಭಯವಿರಬಹುದು. ನಿಮ್ಮ ಹೆಸರು ಎಲ್ಲೂ ಬರದಂತೆ ನೋಡಿಕೊಳ್ಳುತ್ತೇನೆ, ನಿಶ್ಚಿಂತೆಯಿಂದಿರಿ. ಬೀಳ್ಕೊಡುಗೆಯ ದಿನ ನಾನು ಹೇಳಿದ್ದು ಬಾಯಿಮಾತಲ್ಲ. ಆ ಕಚೇರಿಯಲ್ಲಿ ನಾನು ಕಂಡ ಒಬ್ಬನೇ ನೇರ ಮನುಷ್ಯ ನೀವು.

ಡಿಸೆಂಬರ್ ಹನ್ನೊಂದರ ಬಗ್ಗೆ ನೀವು ಕೇಳಿದ್ದಕ್ಕೆ ಈಗಾಗಲೇ ಉತ್ತರ ಬರೆದಿದ್ದೇನೆ. ಮತ್ತೆ ಕೇಳಬೇಡಿ.

ಗಂಗರತ್ನಮ್ಮ


ಕೋಗಿಲು
5 ಮಾರ್ಚ್ 2025

ನಾಗಲಿಂಗಪ್ಪನವರಿಗೆ,

ಕಡತದ ಪ್ರತಿ ನಿನ್ನೆ ಬಂತು. ಹದಿನಾಲ್ಕನೆಯ ಪುಟದಲ್ಲಿ ನಿಮ್ಮ ಕೈಬರಹ. ಗುರುತು ಹಿಡಿಯಲು ನನಗೆ ಸಹಿ ನೋಡಬೇಕಾಗಲಿಲ್ಲ. ನೀವೇ ಬರೆದದ್ದನ್ನು ನಿಮಗೇ ಓದಿ ಹೇಳುತ್ತೇನೆ:

"ಸದಸ್ಯೆ ಶ್ರೀಮತಿ ಗಂಗರತ್ನಮ್ಮ ಇವರು ವಯೋಸಹಜ ಕಾರಣಗಳಿಂದ ಸಭೆಗಳಲ್ಲಿ ಸಕ್ರಿಯರಾಗಿರುವುದಿಲ್ಲ. ಇವರ ಸ್ಥಾನಕ್ಕೆ ಸ್ಥಳೀಯ ಉದ್ಯಮಿ ಶ್ರೀ ಅಶ್ವತ್ಥ್ ಇವರನ್ನು ಪರಿಗಣಿಸಬಹುದು."

ದಿನಾಂಕ 28 ಅಕ್ಟೋಬರ್ 2024. ಅಕ್ಟೋಬರ್ 30ಕ್ಕೆ ನಿಮ್ಮ ಬೀಳ್ಕೊಡುಗೆ. ಆ ದಿನ ನಾನು ಮಲ್ಲೇಶ್ವರದವರೆಗೆ ಹೋಗಿ ಹಾರ ತಂದಿದ್ದೆ. ಮೈಕಿನ ಮುಂದೆ ಹತ್ತು ನಿಮಿಷ ನಿಮ್ಮನ್ನು ಹೊಗಳಿದೆ. ನೀವು ತಲೆ ತಗ್ಗಿಸಿ ಕೇಳಿಸಿಕೊಂಡಿರಿ. ಕಿವಿ ಕೇಳುತ್ತಿಲ್ಲವೇನೋ ಎಂದುಕೊಂಡು ನಾನು ಇನ್ನೂ ಜೋರಾಗಿ ಮಾತಾಡಿದೆ.

ನಾನು ಸಕ್ರಿಯಳಲ್ಲ. ಕೋರ್ಟು ಬಿಟ್ಟ ಮೇಲೂ ರುಖ್ಸಾರ್ ಎಂಬ ಹುಡುಗಿಯನ್ನು ಮನೆಯವರು ಒಳಗೆ ಸೇರಿಸದೆ ಹೋದಾಗ ಹದಿನೇಳು ದಿನ ನನ್ನ ಮನೆಯಲ್ಲಿಟ್ಟುಕೊಂಡವಳು ನಾನು. ಅವಳ ತಂದೆಯನ್ನು ಒಪ್ಪಿಸಲು ಆರ್.ಟಿ. ನಗರಕ್ಕೆ ಆರು ಸಲ ಹೋದವಳು ನಾನು. ಅದನ್ನೆಲ್ಲ ವರದಿಯಲ್ಲಿ ಬರೆದು ಮೇಲಿನವರಿಂದ ಭೇಷ್ ಎನಿಸಿಕೊಂಡವರು ನೀವು.

ವಿಜಯಕುಮಾರನನ್ನು ಎರಡು ತಿಂಗಳು ಬಾಯಿಗೆ ಬಂದಂತೆ ಬಯ್ದಿದ್ದೇನೆ. ಪ್ರತಿ ಕೊಡುವಾಗ ಆತ, "ಮೇಡಂ, ಅವತ್ತೇ ಹೇಳ್ಬೇಕು ಅಂದ್ಕೊಂಡೆ. ನೀವು ಸರ್‌ನ ಅಷ್ಟು ಗೌರವಿಸ್ತೀರಲ್ಲ, ಬಾಯಿ ಬರಲಿಲ್ಲ" ಎಂದ. ನಿಮಗೂ ಬಾಯಿ ಬರಲಿಲ್ಲ. ಆದರೆ ಕೈ ಬರೆಯಿತು.

ನಿಮ್ಮ ಉತ್ತರ ನನಗೆ ಬೇಕಿಲ್ಲ.


ಇಳಕಲ್
11 ಮಾರ್ಚ್ 2025

ಟೀಚರಿಗೆ,

ಬೇಡವೆಂದಿದ್ದೀರಿ. ಆದರೂ ಬರೆಯುತ್ತಿದ್ದೇನೆ. ಓದದೆ ಹರಿದರೆ ಅದು ನಿಮ್ಮ ಇಷ್ಟ.

ಟಿಪ್ಪಣಿ ನನ್ನದೇ. ಯಾರೂ ಒತ್ತಾಯಿಸಲಿಲ್ಲ, ಲಂಚ ಕೊಡಲಿಲ್ಲ. ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟವರಿಗೆ ಯಾರೂ ಕೆಲಸ ಕೊಡುವುದಿಲ್ಲ, ಅಶ್ವತ್ಥ್ ಕೊಡುತ್ತಿದ್ದ. ಒಂದು ದಿನ, "ನಿಮ್ಮ ಹುಡುಗರಿಗೆಲ್ಲ ನಾನು ಬೇಕು, ಕಮಿಟಿಗೆ ಮಾತ್ರ ಬೇಡ ಅಲ್ವಾ ಸರ್" ಎಂದ. ನಾನು ಹೋದ ಮೇಲೂ ಕೆಲಸ ಸಿಗುತ್ತಿರಲಿ ಎಂದು ಅವನನ್ನು ಸೇರಿಸಲು ಹೊರಟೆ. ಮನ್ಸೂರ್ ಗ್ಯಾರೇಜನ್ನು ಚಿಕ್ಕಬಾಣಾವರಕ್ಕೆ ಸಾಗಿಸಿದ್ದರಿಂದ ಒಂದು ಜಾಗ ಖಾಲಿಯಿತ್ತು. ಅದಕ್ಕೆ ಮೇಲಿನವರು ತಮ್ಮ ಕಡೆಯವರ ಹೆಸರು ಕಳಿಸಿದರು. ಅಶ್ವತ್ಥನಿಗಾಗಿ ಇನ್ನೊಬ್ಬರನ್ನು ತೆಗೆಯಬೇಕಾಯಿತು.

ನಿಮ್ಮನ್ನೇ ಏಕೆ ತೆಗೆದೆ? ಉಳಿದ ಮೂವರು ನಾನು ಬರೆದದ್ದಕ್ಕೆ ಸಹಿ ಹಾಕುವವರು. ನೀವು ಓದಿ ಹಾಕುವವರು. ಅಶ್ವತ್ಥನ ಎದುರು ನೀವು ಕೂತರೆ ಮೊದಲ ದಿನವೇ ಗೋಡೆಯ ಮಾತು ತೆಗೆಯುತ್ತೀರಿ ಎಂದು ಗೊತ್ತಿತ್ತು. ಗೋಡೆ ಯಾರದೆಂದು ನನಗೆ ಮರೆತಿರಲಿಲ್ಲ. ಸೂಪರ್‌ವೈಸರ್ ಹೆಸರಿನಲ್ಲಿ ದೂರು ಇದೆ, ಕಾಗದದ ಮೇಲೆ ತಪ್ಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವನೂ ನಿಮಗೆ ಅದೇ ಮಾತು ಹೇಳಿದನೆಂದು ಬರೆದಿದ್ದಿರಲ್ಲ, ಓದಿ ನನಗೆ ನಾಚಿಕೆಯಾಯಿತು.

ಬೀಳ್ಕೊಡುಗೆಯ ದಿನ ನೀವು ಮಾತಾಡಿದ್ದೆಲ್ಲ ಕೇಳಿಸಿತು. ಒಂದು ಶಬ್ದವೂ ತಪ್ಪಲಿಲ್ಲ.

ಮಾರ್ಚ್ 20ಕ್ಕೆ ನಾನು ಕೋರ್ಟಿಗೆ ಬಂದು ಇದನ್ನೆಲ್ಲ ಹೇಳುತ್ತೇನೆ. ವಕೀಲರಿಗೂ ಬರೆದಿದ್ದೇನೆ. ಕೀರ್ತಿಗೆ ವಿಷಯ ಹೇಳಿದೆ. "ಅವ್ವ ಇದ್ದಿದ್ರ ನಿಮ್ಮ ಸಂಗಡ ಮಾತು ಬಿಡ್ತಿದ್ಲು ಅಪ್ಪಾ" ಎಂದು ಎದ್ದು ಹೋದಳು.

ನಾಗಲಿಂಗಪ್ಪ


ಕೋಗಿಲು
15 ಮಾರ್ಚ್ 2025

ನಾಗಲಿಂಗಪ್ಪನವರಿಗೆ,

ಹರಿಯಲಿಲ್ಲ. ಎರಡು ಸಲ ಓದಿದೆ. ಸಿಟ್ಟು ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ. ಆದರೆ ನೀವು ಕೋರ್ಟಿನಲ್ಲಿ ನಿಂತು ನಿಜ ಹೇಳುತ್ತೀರಿ ಎಂದ ಮೇಲೆ ನಾನು ಸುಳ್ಳು ಇಟ್ಟುಕೊಂಡು ಬರಲಾರೆ.

ಡಿಸೆಂಬರ್ ಹನ್ನೊಂದರಂದು ಪಿಳ್ಳಣ್ಣ ಹೋಗಿದ್ದ. ಕರೆದುಕೊಂಡು ಹೋದವಳು ನಾನು.

ಹಿಂದಿನ ದಿನ ಮನೆಗೆ ಬಂದು, "ಇನ್ನೂ ಆಗಸ್ಟ್‌ಗಂಟ ಕಾಯ್ಬೇಕಾ ಟೀಚರಮ್ಮ? ಎರಡು ವರ್ಸ ಆತು, ಅವ್ಳ್ಗೆ ಒಂದು ಊವ ಆಕಿಲ್ಲ" ಎಂದ. ನಾನು ಸಮಿತಿಯವಳು, ನಾನು ಜೊತೆಗಿದ್ದರೆ ತಪ್ಪಾಗುವುದಿಲ್ಲ ಎಂದುಕೊಂಡೆ. ನನ್ನ ಹೆಸರು ತೆಗೆಯಲು ನಿಮ್ಮ ಟಿಪ್ಪಣಿ ಆಗಲೇ ಹೋಗಿದ್ದು ನನಗೆ ಗೊತ್ತಿರಲಿಲ್ಲ. ಗೋಡೆಯ ಕಡೆಯಿಂದ ಹೋಗದೆ ಕೆರೆ ಏರಿಯ ಮೇಲೆ ಸುತ್ತಿ ಹೋದೆವು. ಸಮಾಧಿಯೇ ಗೋಡೆಯಿಂದ ಅರವತ್ತು ಹೆಜ್ಜೆಯಲ್ಲಿದೆ. ಪಿಳ್ಳಣ್ಣ ಕಳೆ ಕಿತ್ತು, ಮಣ್ಣು ಸರಿಮಾಡಿ, ಸೇವಂತಿಗೆ ಹಾಕಿ, ಬಾಳೆಲೆಯಲ್ಲಿ ಅನ್ನ ಸಾರು ಇಟ್ಟ. ಕಾಲು ಗಂಟೆ ಅಷ್ಟೆ. ನಾನು ಏರಿಯ ಮೇಲೆ ನಿಂತಿದ್ದೆ, ಅದಕ್ಕೇ ಫೋಟೊದಲ್ಲಿ ಇಲ್ಲ.

ಇದನ್ನು ನಿಮ್ಮಿಂದ ಏಕೆ ಮುಚ್ಚಿಟ್ಟೆ ಗೊತ್ತೆ? ಸಮಿತಿಗೆ ಮರಳಿ ಬರಬೇಕೆಂಬ ಹಟಕ್ಕೆ. ಷರತ್ತು ಮುರಿಯಲು ನಾನೇ ಜೊತೆಯಾದೆ ಎಂದು ಗೊತ್ತಾದರೆ ಮತ್ತೆ ಸೇರಿಸುವುದಿಲ್ಲವಲ್ಲ. ಪಿಳ್ಳಣ್ಣನಿಗೋಸ್ಕರ ಹೊಡೆದಾಡುತ್ತಿದ್ದೇನೆ ಎಂದು ಊರಿಗೆಲ್ಲ ಹೇಳುತ್ತಾ, ಅವನನ್ನೇ ಮುಂದೆ ಬಿಟ್ಟು ಹಿಂದೆ ನಿಂತೆ. ಮೊನ್ನೆ ಅವನು, "ನಾನೇ ಒಪ್ಕೊಂಬುಡ್ತೀನಿ. ನಿಮ್ ಎಸ್ರು ಎತ್ತಲ್ಲ" ಎಂದಾಗ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ನಾನೂ ಸಾಕ್ಷಿ ಹೇಳುತ್ತೇನೆ. ಕೋರ್ಟಿನಲ್ಲಿ ನನ್ನನ್ನು ಮಾತಾಡಿಸಬೇಡಿ.

ಗಂಗರತ್ನಮ್ಮ


ಕೋಗಿಲು
12 ಏಪ್ರಿಲ್ 2025

ನಾಗಲಿಂಗಪ್ಪನವರಿಗೆ,

ನಿಮ್ಮ ಹೇಳಿಕೆ ಮುಗಿದ ಕೂಡಲೇ ಹೊರಟುಹೋದಿರಿ. ಯಶವಂತಪುರದಲ್ಲಿ ರೈಲಿಗೆ ಹೊತ್ತಾಗಿತ್ತೆಂದು ಆಮೇಲೆ ವಕೀಲರು ಹೇಳಿದರು. ಇದ್ದಿದ್ದರೂ ನಿಮಗೆ ಆದೇಶ ಕೇಳಿಸುತ್ತಿರಲಿಲ್ಲ. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ನ್ಯಾಯಾಧೀಶರು ಕೇಳಿದರೆ ನೀವು ಮೂವತ್ತೊಂದು ವರ್ಷ ಸರ್ವಿಸು ಎಂದಿರಿ. ಕೊನೆಗೆ ಪ್ರಶ್ನೆಯನ್ನು ಹಾಳೆಯಲ್ಲಿ ಬರೆದು ತೋರಿಸಬೇಕಾಯಿತು. ಹಾಳೆ ಓದಿ, "ಇಲ್ರಿ. ನಾನೇ ಮಾಡಿದ್ದು" ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿದಿರಿ. ಅಶ್ವತ್ಥ್ ಹಿಂದಿನ ಸಾಲಿನಲ್ಲಿದ್ದ. ಆಗ ಎದ್ದು ಹೋದ.

ಆಮೇಲೆ ನನ್ನ ಸರದಿ. ನ್ಯಾಯಾಧೀಶರು, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದರು. "ಸ್ವಾರ್ಥಕ್ಕೆ" ಎಂದೆ. ಚೆನ್ನಾಗಿ ಬೈದರು. ಬೈಸಿಕೊಂಡೆ.

ಆದೇಶ ಇದು. ಪಿಳ್ಳಣ್ಣನ ಮುಚ್ಚಳಿಕೆ ರದ್ದಾಗಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಕೆರೆ ಏರಿಯ ದಾರಿಯಿಂದ ಸಮಾಧಿಗೆ ಹೋಗಬಹುದೆಂದು ಷರತ್ತು ಬದಲಾಯಿಸಿದ್ದಾರೆ. ಸ್ವಂತ ಹಿತಾಸಕ್ತಿ ಇರುವವನು ಕೂತು ಬರೆದ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂದು ಹೇಳಿ, ಆದೇಶದ ಪ್ರತಿಯನ್ನು ಇಲಾಖೆಗೆ ಕಳಿಸಿದ್ದಾರೆ. ಗೋಡೆ ಮಾತ್ರ ಹಾಗೇ ಇದೆ. ಅದು ಬೇರೆ ಕೋರ್ಟಿನ ವಿಚಾರವಂತೆ.

ಕಳೆದ ವಾರ ಸಮಿತಿಯನ್ನು ಮತ್ತೆ ಬದಲಾಯಿಸಿದರು. ಅಶ್ವತ್ಥ್ ಇಲ್ಲ. ಅವನಲ್ಲಿ ಕೆಲಸಕ್ಕಿದ್ದ ನಮ್ಮ ಏಳು ಜನರಲ್ಲಿ ಇಬ್ಬರನ್ನು ಮರುದಿನವೇ ಬಿಡಿಸಿದ್ದಾನೆ. ಮನ್ಸೂರ್ ಒಬ್ಬನನ್ನು ತೆಗೆದುಕೊಂಡಿದ್ದಾರೆ, ಇನ್ನೊಬ್ಬನಿಗೆ ಹುಡುಕುತ್ತಿದ್ದೇನೆ. ನಿಮ್ಮ ಭಯ ಪೂರ್ತಿ ಸುಳ್ಳಲ್ಲ ಎಂದು ಒಪ್ಪಿಕೊಳ್ಳುವುದಕ್ಕೂ ನನಗೆ ಸಿಟ್ಟು ಬರುತ್ತದೆ.

ವಿಜಯಕುಮಾರ ಮನೆಗೆ ಬಂದಿದ್ದರು. ಒಂದು ಜಾಗ ಖಾಲಿ ಇಟ್ಟಿದ್ದಾರಂತೆ. "ಸಮಾಧಿಗೆ ಕರ್ಕೊಂಡು ಹೋಗಿದ್ದು ತಪ್ಪಾಯ್ತು ಅಂತ ಒಂದು ಲೈನ್ ಬರೆದುಕೊಡಿ ಮೇಡಂ, ನಿಮ್ಮ ಹೆಸರು ಸೇರಿಸ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮುಚ್ಚಿಟ್ಟದ್ದು ತಪ್ಪು, ಬೇಕಾದರೆ ನೂರು ಸಲ ಬರೆದುಕೊಡುತ್ತೇನೆ ಎಂದೆ. ಹೆಂಡತಿಯ ಸಮಾಧಿಗೆ ಹೂವಿಡಲು ಒಬ್ಬನ ಜೊತೆ ನಡೆದದ್ದು ತಪ್ಪೆಂದು ಬರೆಯಲಾರೆ. ಕಾಫಿ ಕುಡಿದು ಹೋದರು. ಜಾಗಕ್ಕೆ ಬೇರೆ ಯಾರೋ ಬರುತ್ತಾರೆ.

ನನ್ನನ್ನು ಸಮಿತಿಗೆ ಸೇರಿಸಿ ಎಂದು ಇನ್ನು ಯಾರನ್ನೂ ಕೇಳುವುದಿಲ್ಲ. ಆದರೆ ಆ ಕಡತದಲ್ಲಿ ನಾನು ಕೈಲಾಗದವಳು ಎಂಬ ಒಂದು ಸಾಲು ಕೂತಿದೆ. ನಾನು ಸತ್ತ ಮೇಲೂ ಅದು ಅಲ್ಲೇ ಇರುತ್ತದೆ. ಅದನ್ನು ಹಾಗೆ ಇರಲು ಬಿಡುವ ಮನುಷ್ಯನ ಜೊತೆ ನಾನು ಪತ್ರ ಬರೆದುಕೊಂಡಿರಲಾರೆ.

ಗಂಗರತ್ನಮ್ಮ


ಇಳಕಲ್
21 ಏಪ್ರಿಲ್ 2025

ಟೀಚರಿಗೆ ನಮಸ್ಕಾರಗಳು.

ಇಲಾಖೆಗೆ ಇಂದು ನೋಂದಾಯಿತ ಅಂಚೆಯಲ್ಲಿ ಕಳಿಸಿದ ಪತ್ರದ ಪ್ರತಿ ಇದರೊಳಗಿದೆ. ಕಡತದ ಹದಿನಾಲ್ಕನೆಯ ಪುಟದ ಜೊತೆಗೇ ಇದನ್ನು ಸೇರಿಸಬೇಕೆಂದು ಕೋರಿದ್ದೇನೆ. ಸೇರಿಸುವವರೆಗೆ ತಿಂಗಳಿಗೊಂದು ನೆನಪೋಲೆ ಕಳಿಸುತ್ತೇನೆ. ಕಚೇರಿಗಳು ಹೇಗೆ ಮರೆಯುತ್ತವೆಂದು ನನಗೆ ಗೊತ್ತಿದೆ. ಮುಖ್ಯ ಭಾಗ ಹೀಗಿದೆ:

"ದಿನಾಂಕ 28-10-2024ರ ನನ್ನ ಟಿಪ್ಪಣಿಯಲ್ಲಿ ಶ್ರೀಮತಿ ಗಂಗರತ್ನಮ್ಮನವರು ಸಕ್ರಿಯರಾಗಿಲ್ಲವೆಂದು ಬರೆದದ್ದು ಸುಳ್ಳು. ಹನ್ನೊಂದು ವರ್ಷಗಳಲ್ಲಿ ಅವರು ಎರಡು ಸಭೆಗಳನ್ನು ಬಿಟ್ಟರೆ ಎಲ್ಲದಕ್ಕೂ ಹಾಜರಾಗಿದ್ದಾರೆ. ಅವರು ಪ್ರಶ್ನೆ ಕೇಳುತ್ತಾರೆಂಬ ಒಂದೇ ಕಾರಣಕ್ಕೆ ಅವರ ಹೆಸರನ್ನು ಕೈಬಿಡಲಾಯಿತು. ಕೈಬಿಟ್ಟವನು ನಾನು."

ನಾಗಲಿಂಗಪ್ಪ